ಅಬ್ರಾರ್ ಕಂಡಕ್ಟರ್ ಹುಡುಕಿದ ಮೂರನೇ ಭಾಗ

ಕಲಬುರಗಿಯಂಥ ಶಹರದಲ್ಲಿ, ಇಷ್ಟೊಂದು ಕಾಲೇಜು, ಇಷ್ಟೊಂದು ಹಾಸ್ಟೆಲ್ಲು, ಬೆಳಗಾದರೆ ಬ್ಯಾಗು ಹೊತ್ತು ಓಡುವ ಸಾವಿರಾರು ಮಕ್ಕಳು ಇರುವ ಶಹರದಲ್ಲಿ, ಕಲ್ಪನಾಲೋಕದ ಒಂದು ಕಾದಂಬರಿ ಕೇಳಿದರೆ ಅಂಗಡಿಯವರು ಗಿರಾಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಕೇಳಿದವನು ಐವತ್ತೆರಡು ವಯಸ್ಸಿನ, ಖಾಕಿ ಅಂಗಿಯ ಬಸ್ ಕಂಡಕ್ಟರ್ ಆಗಿದ್ದರಂತೂ ಮುಗಿದೇಹೋಯಿತು. "ಮಕ್ಕಳಿಗೇನ್ರೀ?" ಎನ್ನುತ್ತಾರೆ. "ಇಲ್ರೀ, ನನಗ" ಎಂದರೆ ನಗುತ್ತಾರೆ. ಆ ನಗುವನ್ನು ಅಬ್ರಾರ್ ಒಂಬತ್ತು ವರ್ಷ ಸಹಿಸಿದ್ದಾನೆ. ಸಹಿಸಿದ್ದಾನೆ ಎಂದರೂ ತಪ್ಪೇ. ಪ್ರತಿ ಸಲವೂ ಜಗಳಾಡಿ ಬಂದಿದ್ದಾನೆ.

ಅಬ್ರಾರ್‌ನ ಮನೆ ಮೋಮಿನಪುರದಲ್ಲಿ. ಮನೆಯಲ್ಲಿ ಅವನ ಅಕ್ಕ ಮೆಹರುನ್ನಿಸಾ ಇದ್ದಾಳೆ, ಅವನಿಗೆ ಆಪಾ. ಚಿಕ್ಕಂದಿನಲ್ಲಿ ಬಂದ ಪೋಲಿಯೊದಿಂದ ಅವಳ ಎಡಗಾಲು ನೆಲಕ್ಕೆ ಊರುವುದಿಲ್ಲ. ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರದ ಮುಂದೆ ಕೂತು ಓಣಿಯ ಅರ್ಧ ಜನರ ಬಟ್ಟೆ ಹೊಲಿಯುತ್ತಾಳೆ. ಉರ್ದು ಓದಿ ಬರೆಯುತ್ತಾಳೆ. ಕನ್ನಡ ಮಾತಾಡುತ್ತಾಳೆ, ಅಕ್ಷರ ಮಾತ್ರ ಬಾರದು. ತಮ್ಮ ದೂರದ ರೂಟಿನ ಕಂಡಕ್ಟರ್. ಇವತ್ತು ಮೈಸೂರು, ನಾಡಿದ್ದು ಶಿವಮೊಗ್ಗ, ಆಚೆ ವಾರ ಹೈದರಾಬಾದು. ಬಸ್ಸು ತಿರುಗಿ ಹೊರಡುವವರೆಗೆ ಐದಾರು ತಾಸು ಬಿಡುವು ಇರುತ್ತದೆ. ಡ್ರೈವರ್ ಮಲಗಿಬಿಡುತ್ತಾನೆ. ಅಬ್ರಾರ್ ಪುಸ್ತಕದ ಅಂಗಡಿ ಹುಡುಕಿಕೊಂಡು ಹೊರಡುತ್ತಾನೆ.

ಈ ಚಟ ಹತ್ತಿಸಿದ್ದು ಯಾರೋ ಗುರುತಿಲ್ಲದ ಪ್ರಯಾಣಿಕ. ಹತ್ತು ವರ್ಷದ ಹಿಂದೆ ಹದಿನೇಳನೇ ನಂಬರಿನ ಸೀಟಿನ ಮೇಲೆ ಒಂದು ಪುಸ್ತಕ ಬಿಟ್ಟು ಇಳಿದುಹೋಗಿದ್ದ. 'ತಳವಿಲ್ಲದ ಬಾವಿ', ಮೊದಲನೇ ಭಾಗ. ಅಬ್ರಾರ್ ಅದನ್ನು ಡಿಪೋದಲ್ಲಿ ಒಪ್ಪಿಸಿದ. ಆರು ತಿಂಗಳು ಯಾರೂ ಕೇಳಲಿಲ್ಲ. ಕೊಡೆ, ಟಿಫಿನ್ ಡಬ್ಬಿಗಳ ನಡುವೆ ಧೂಳು ತಿನ್ನುತ್ತಿದ್ದ ಅದನ್ನು ಡಿಪೋದವರೇ "ಒಯ್ರಿ ಮಾರಾಯ್ರ" ಎಂದು ಕೊಟ್ಟರು. ಮನೆಯಲ್ಲಿ ಆಪಾಗೆ ಓದಿ ಹೇಳತೊಡಗಿದ. ಮೂರನೇ ಪುಟಕ್ಕೆ ಆಪಾಳ ಯಂತ್ರ ನಿಂತಿತು.

ಅದೊಂದು ದೇಶ. ಅಲ್ಲಿಯ ದೊರೆ ನೀರಿಗೇ ಬೀಗ ಹಾಕಿದ್ದಾನೆ. ಬಾವಿ ತೋಡುವವನ ಮಗಳು ಚಿಗರಿ, ಆ ಬೀಗ ಎಲ್ಲಿದೆ ಎಂದು ಹುಡುಕಲು ಏಳು ಜನ ಗೆಳೆಯರನ್ನು ಕಟ್ಟಿಕೊಂಡು ತಳವಿಲ್ಲದ ಬಾವಿಗೆ ಇಳಿಯುತ್ತಾಳೆ. ಎರಡನೇ ಭಾಗ ಅಬ್ರಾರ್‌ಗೆ ಹುಬ್ಬಳ್ಳಿಯಲ್ಲಿ ಸಿಕ್ಕಿತು. ಅದರ ಕೊನೆಯಲ್ಲಿ ದೊರೆ ಬಾವಿಯ ಬಾಯಿಗೆ ಬಂಡೆ ಮುಚ್ಚಿಸಿಬಿಡುತ್ತಾನೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಮೂರನೇ ಭಾಗ ಎಲ್ಲೂ ಇಲ್ಲ. ಬರೆದ ಮೇಷ್ಟರು ತಾವೇ ಕೈಯಿಂದ ಹಣ ಹಾಕಿ ಅಚ್ಚು ಮಾಡಿಸಿದ್ದರು, ಮೂರನೆಯದು ಬಂದ ವರ್ಷವೇ ತೀರಿಕೊಂಡಿದ್ದರು. ಮಕ್ಕಳಿಗೆ ಅಪ್ಪ ಏನು ಬರೆದಿದ್ದ ಎನ್ನುವುದೂ ಗೊತ್ತಿರಲಿಲ್ಲ.

ಮನೆಯಲ್ಲಿ ಅಕ್ಕ ತಮ್ಮ ಆಡುವುದು ದಖನಿ ಉರ್ದು. ಚಿಗರಿಯ ಮಾತು ಬಂದರೆ ಮಾತ್ರ ಆಪಾ ಕನ್ನಡಕ್ಕೆ ಬರುತ್ತಾಳೆ, ಅದು ಕನ್ನಡದ ಕಥೆ ಎಂದು.

"ಅಬ್ರಾರ್, ಆ ಪೋರಿ ಮ್ಯಾಗ ಬಂದಳೇನೋ?"

"ಇನ್ನಾ ಸಿಕ್ಕಿಲ್ಲ ಆಪಾ."

"ಎಷ್ಟು ವರ್ಷ ಆತು ಒಳಗಿದ್ದು! ನೀ ಎಂಥ ಕಂಡಕ್ಟರ್, ಒಬ್ಬಾಕಿನ್ನ ಊರು ಮುಟ್ಸಾಕ ಆಗವಲ್ದು ನಿನಗ?"

ಆಪಾ ತಮಾಷೆ ಮಾಡುತ್ತಿದ್ದಳು. ಆದರೆ ಮನೆಯ ಹೊಸ್ತಿಲು ದಾಟಿ ವರ್ಷಗಳೇ ಆಗಿದ್ದ ಅವಳು, ಬಂಡೆಯ ಕೆಳಗೆ ಕೂತ ಹುಡುಗಿಯನ್ನು ಸುಮ್ಮನೆ ಕೇಳುತ್ತಿರಲಿಲ್ಲ ಎನ್ನುವುದು ಅಬ್ರಾರ್‌ಗೆ ಗೊತ್ತಿತ್ತು. ಅದಕ್ಕೇ ಅವನಿಗೆ ಅಷ್ಟು ತಹತಹ.

ಆಪಾಳ ಬಳಿ ಒಂದು ನೋಟುಬುಕ್ಕು ಇತ್ತು. ಊರೂರಿನ ಪುಸ್ತಕದಂಗಡಿಗಳನ್ನು ತಮ್ಮ ಹೇಳಿದ ಹಾಗೆ ಉರ್ದುವಿನಲ್ಲಿ ಬರೆದಿಡುತ್ತಿದ್ದಳು. ಶಿವಮೊಗ್ಗದಲ್ಲಿ ಬಸ್ ನಿಲ್ದಾಣದ ಹಿಂದೆ ಒಂದು, ಎರಡು ಪೂರ್ತಿ ಕಪಾಟು ವಿಜ್ಞಾನದ ಕಥೆಗಳೇ, ಕೂರಲು ಸ್ಟೂಲು ಕೊಡುತ್ತಾರೆ. ಮೈಸೂರಿನಲ್ಲಿ ಒಂದು ಮಹಡಿ ಅಂಗಡಿ, ಮಾಲಕಿಯೇ ಓದುವವಳು, "ಈ ಲೇಖಕ ಮಂಗಳಗ್ರಹದವರೆಗೆ ಚೆನ್ನಾಗಿ ಹೋಗ್ತಾನೆ, ವಾಪಸ್ ಬರೋಕೆ ಬರಲ್ಲ" ಎಂದು ಮೊದಲೇ ಎಚ್ಚರಿಸುತ್ತಾಳೆ. ಹೈದರಾಬಾದಿನ ಫುಟ್‌ಪಾತಿನಲ್ಲಿ ರವಿವಾರ ಮಾತ್ರ ಕೂರುವ ಮುದುಕನ ಹತ್ತಿರ ಜಿನ್ನುಗಳ ಉರ್ದು ಕಾದಂಬರಿಗಳ ರಾಶಿ. ಧಾರವಾಡ, ಸೊಲ್ಲಾಪುರ, ಮಂಗಳೂರು, ಹೀಗೆ ನಲವತ್ತೊಂದು ಅಂಗಡಿ. ನೋಟುಬುಕ್ಕಿನ ಮೊದಲ ಪುಟವನ್ನು ಮಾತ್ರ ಆಪಾ ಕಲಬುರಗಿಗೆಂದು ಖಾಲಿ ಬಿಟ್ಟಿದ್ದಳು. ಅದು ಖಾಲಿಯೇ ಇತ್ತು.

ಊರಿನಲ್ಲಿ ಅಂಗಡಿ ಇರಲಿಲ್ಲವೆಂದಲ್ಲ. ಎಲ್ಲ ಅಂಗಡಿಯಲ್ಲೂ ಎಫ್‌ಡಿಎ, ಪಿಎಸ್‌ಐ, ಟಿಇಟಿ ಗೈಡುಗಳೇ ಗೋಡೆ ಕಟ್ಟಿ ನಿಂತಿದ್ದವು. ಪರೀಕ್ಷೆ ಪಾಸಾಗಲು ಓದಬೇಕು, ಪುಣ್ಯ ಬರಲು ಓದಬೇಕು. ಇವೆರಡೂ ಬಿಟ್ಟು ಸುಮ್ಮನೆ ಬೆರಗಾಗಲು ಒಬ್ಬ ಮನುಷ್ಯ ಓದಬಹುದು ಎನ್ನುವುದು ಈ ಅಂಗಡಿಕಾರರ ತಲೆಗೆ ಎಳ್ಳಷ್ಟೂ ಹೋಗಿರಲಿಲ್ಲ. ಶರಣಬಸವೇಶ್ವರ ದೇವಸ್ಥಾನದ ಹತ್ತಿರದ ಒಂದು ಅಂಗಡಿಗೆ ಅಬ್ರಾರ್ ಹೋದದ್ದಕ್ಕೆ ಲೆಕ್ಕವಿಲ್ಲ. ಮಾಲಕ ಸುನೀಲಕುಮಾರ ಕಟ್ಟೆಯ ಮೇಲೆ ಕೂತೇ, "ಕಾದಂಬರಿ ಇಲ್ರೀ. ಗೈಡು ಅವ, ಪುರಾಣ ಅವ. ಎರಡೂ ನಿಮಗ ಬ್ಯಾಡ" ಎಂದು ಅಲ್ಲಿಂದಲೇ ಸಾಗಹಾಕುತ್ತಿದ್ದ. ಗಿರಾಕಿ ಒಳಗೆ ಬಂದು ಕಪಾಟು ನೋಡುವ ಪದ್ಧತಿ ಆ ಅಂಗಡಿಯಲ್ಲಿ ಇರಲಿಲ್ಲ.

ಈ ಆಷಾಢದಲ್ಲಿ ಸುನೀಲಕುಮಾರ ಅಂಗಡಿಗೆ ಸುಣ್ಣ ಹಚ್ಚಿಸಲು ಹೊರಟ. ಪುಸ್ತಕಗಳೆಲ್ಲ ಕಟ್ಟೆಯ ಮೇಲೆ, ಕಪಾಟಿನಲ್ಲಿದ್ದ ಸಾಲಿನಂತೆಯೇ, ಹೊರಗೆ ಬಂದವು. ಆ ದಾರಿಯಲ್ಲಿ ಹೋಗುತ್ತಿದ್ದ ಅಬ್ರಾರ್ ನಿಂತ. ಜ್ಯೋತಿಷ್ಯದ ಗಂಟಿನಲ್ಲಿ, ಪಂಚಾಂಗ ಮತ್ತು ಗ್ರಹಶಾಂತಿಯ ನಡುವೆ, ಶನಿಗ್ರಹದ ಉಂಗುರಗಳಲ್ಲಿ ಗಣಿ ತೋಡಲು ಹೋದವರ ಒಂದು ಕಾದಂಬರಿ ಇತ್ತು. ಅದರ ಪಕ್ಕ ಮಂಗಳಗ್ರಹದ್ದು ಇನ್ನೊಂದು. ಪುರಾಣಗಳ ಗಂಟಿನಲ್ಲಿ ಹಾರುವ ಆನೆಗಳದ್ದು, ಮೂರು ಕಣ್ಣಿನ ಜನರದ್ದು, ಹೀಗೆ ಆರೇಳು. ಇವೇ ಪುಸ್ತಕಗಳನ್ನು ಅಬ್ರಾರ್ ಮಂಗಳೂರು, ಮೈಸೂರು ಅಲೆದು ತಂದಿದ್ದ!

"ಏನ್ರೀ ಇದು ಸಾವ್ಕಾರ್ರ?" ಅಬ್ರಾರ್ ಒಂದು ಪುಸ್ತಕ ಎತ್ತಿ ಹಿಡಿದ.

"ನಮ್ಮಪ್ಪ ಜೋಡಿಸಿದ್ದುರೀ" ಎಂದ ಸುನೀಲಕುಮಾರ. ಅವರಪ್ಪ ದೌಲಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. "ಅವ್ರು ಒಳಗ ಓದ್ತಿರಲಿಲ್ಲ, ಮ್ಯಾಲಿನ ಚಿತ್ರ ನೋಡಿ ಇಡ್ತಿದ್ರು. ಗ್ರಹ ಇದ್ರ ಜ್ಯೋತಿಷ್ಯದಾಗ, ಹಾವು, ಆನಿ, ಕಿರೀಟ ಇದ್ರ ಪುರಾಣದಾಗ. ನಾ ಮುಟ್ಟಿಲ್ರೀ."

"'ತಳವಿಲ್ಲದ ಬಾವಿ' ಮೂರನೇ ಭಾಗ?"

"ಅದಾ? ಅದು ಹೋಗಿ ಹನ್ನೊಂದು ವರ್ಷ ಆತು. ಕಮಲಾಪುರದ ಜಯದೇವಮ್ಮ ಒಯ್ದಾರ. ಪ್ರತಿ ಶ್ರಾವಣದಾಗ ಅದೇ ಪುರಾಣ ಹಚ್ಚಿ ಓದ್ತಾರ ಅವರ ಮನ್ಯಾಗ. ಭಾಳ ಫಲ ಅದ ಅಂತಾರ."

"ನಾ ಒಂಬತ್ತು ವರ್ಷದಿಂದ ಹೆಸರು ಹಿಡದು ಕೇಳಾಕತ್ತೀನಿ. ಯಾಕ್ರೀ ಹೇಳಲಿಲ್ಲ?"

"ನೀವು ಕಾದಂಬರಿ ಅಂತ ಕೇಳಿದ್ರಿ. ಪುರಾಣ ಅಂದಿದ್ರ ಅವತ್ತೇ ಹೇಳ್ತಿದ್ದೆ" ಎಂದ ಆ ಪುಣ್ಯಾತ್ಮ, ತಪ್ಪು ಗಿರಾಕಿಯದೇ ಎನ್ನುವ ಹಾಗೆ. ಅಬ್ರಾರ್ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಸುಣ್ಣದವರು ಕೆಲಸ ಬಿಟ್ಟು ಕೇಳಿದರು.

ಮುಂದಿನ ರಜೆಯ ದಿನವೇ ಅವನು ಕಮಲಾಪುರದಲ್ಲಿ ಇಳಿದ. ಜಯದೇವಮ್ಮ ಕೆಂಪು ಬಾಳೆಯ ತೋಟದವರು, ಅರವತ್ತರ ಗಟ್ಟಿ ಹೆಂಗಸು. ಬಂದವನಿಗೆ ಮೊದಲು ನೀರು, ಆಮೇಲೆ ಚಹಾ, ಆಮೇಲೆ ಎರಡು ಬಾಳೆಹಣ್ಣು ಕೊಟ್ಟರು. ಪುಸ್ತಕದ ಹೆಸರು ಎತ್ತಿದ ಕೂಡಲೇ ಮುಖ ಅರಳಿತು. ದೇವರ ಕೋಣೆಯಿಂದ ಕೆಂಪು ವಸ್ತ್ರದ ಗಂಟು ತಂದು, ಹಣೆಗೆ ಒತ್ತಿಕೊಂಡು ಬಿಚ್ಚಿದರು. ರಕ್ಷಾಪುಟದಲ್ಲಿ ಏಳು ಹೆಡೆಯ ಹಾವಿನ ಕೆಳಗೆ ದೀಪ ಹಿಡಿದ ಹುಡುಗಿ. ಅವಳ ಹಣೆಗೆ ಹನ್ನೊಂದು ವರ್ಷದ ಕುಂಕುಮ ಹತ್ತಿ ಗಟ್ಟಿಯಾಗಿತ್ತು.

"ಚಿಗರವ್ವನ ಪುರಾಣ" ಎಂದರು ಜಯದೇವಮ್ಮ. "ನಮ್ಮ ಓಣಿ ಹೆಂಗಸ್ರೆಲ್ಲ ಕೂಡ್ತೀವಿ. ಪಟ್ಟ ಆಗೋ ಅಧ್ಯಾಯಕ್ಕ ಮಂಗಲ ಮಾಡಿ ಸಕ್ಕರಿ ಹಂಚ್ತೀವಿ."

ಅಬ್ರಾರ್ ಪುಟ ತಿರುವಿದ. ಚಿಗರಿ ಮೇಲೆ ಬಂದಿದ್ದಳು! ಬಂಡೆ ಒಡೆದಿತ್ತು, ದೊರೆ ಓಡಿದ್ದ, ಅವಳಿಗೆ ಪಟ್ಟ ಕಟ್ಟಿದ್ದರು. ಆದರೆ ಪಟ್ಟದ ಅಧ್ಯಾಯ ಮುಗಿದ ಮೇಲೂ ಪುಸ್ತಕ ಬಾಕಿ ಇತ್ತು. ಕೊನೆಯ ಹದಿನೆಂಟು ಪುಟಗಳನ್ನು ಅಂಚಿನುದ್ದಕ್ಕೂ ಅರಿಸಿನ ಹಚ್ಚಿದ ದಾರದಿಂದ ಹೊಲಿದಿದ್ದರು.

"ಇದ್ಯಾಕ್ರೀ ಹೊಲದೀರಿ?"

"ಮುಂದಿನ ಅಧ್ಯಾಯದ ಮೊದಲನೇ ಸಾಲಿನ್ಯಾಗ ಸಾವಿನ ಮಾತು ಅದರೀ. ಶ್ರಾವಣದಾಗ, ಮನ್ಯಾಗ, ಅದನ್ಯಾರು ಓದ್ತಾರ? ನಮ್ಮತ್ತಿ ಇದ್ದಾಗಿಂದ ಹಿಂಗೇ. ಯಾವ ಪುರಾಣ ಹಚ್ಚಿದ್ರೂ ಮಂಗಲದಾಗ ಮುಗಸ್ಬೇಕು. ಅಶುಭ ಇದ್ದಲ್ಲಿ ದಾರ ಹಾಕ್ಬೇಕು."

ಇಲ್ಲಿ ಅಬ್ರಾರ್‌ನ ತಾಳ್ಮೆ ಹರಿಯಿತು. "ಅಮ್ಮಾರ, ಇದು ಪುರಾಣ ಅಲ್ರೀ! ಕಾದಂಬರಿ. ಒಬ್ಬ ಮೇಷ್ಟ್ರು ತಲ್ಯಾಗಿಂದ ಹುಟ್ಸಿ ಬರದದ್ದು. ಇದು ಮೂರನೇ ಭಾಗ, ಇದರ ಹಿಂದ ಇನ್ನಾ ಎರಡು ಅವ. ಬರದಾತನ ಕೊನಿ ಮಾತಿಗೇ ದಾರ ಹಾಕೀರಲ್ರೀ!"

ಜಯದೇವಮ್ಮ ಪುಸ್ತಕವನ್ನು ಅವನ ಕೈಯಿಂದ ಕಿತ್ತುಕೊಂಡರು. "ಸುಳ್ಳು ಕಥಿ ಅಂತೀರೇನು? ಈಕಿ ಪುರಾಣ ಹಚ್ಚಿದ ವರ್ಷ ನಮ್ಮ ಬಾವಿಗಿ ನೀರು ಬಂದಾವ. ಚಹಾ ಕುಡದು ಹಿಂಗ ಮಾತಾಡ್ತೀರಿ? ನಡೀರಿ ಹೊರಗ."

ಇಬ್ಬರೂ ಸಿಟ್ಟಿನಿಂದ ಕೆಂಪಗಾಗಿ ಅಂಗಳಕ್ಕೆ ಬಂದರು. ಯೋಚಿಸಿದರೆ ಯಾರಿಗೆ ಹೊಟ್ಟೆ ಉರಿಯಬೇಡ? ಪುಸ್ತಕ ಮಾರುವವರು ಆ ಮೇಷ್ಟರನ್ನು ಕಸಕ್ಕಿಂತ ಕಡೆ ಮಾಡಿದ್ದರು. ಇಡೀ ಜಿಲ್ಲೆಯಲ್ಲಿ ಅವರ ಪುಸ್ತಕಕ್ಕೆ ಚಾಪೆ ಹಾಸಿ, ಕೈಕಾಲು ತೊಳೆದು, ಬೆರಳಿಟ್ಟು ಸಾಲು ಸಾಲು ಓದಿದ್ದ ಒಂದೇ ಮನೆ ಇದು. ಅದೂ ಕಾದಂಬರಿ ಎಂದು ಗೊತ್ತಿಲ್ಲದ್ದಕ್ಕೆ! ಗೊತ್ತಿದ್ದರೆ ಇವರೂ ಮೂಗು ಮುರಿಯುತ್ತಿದ್ದರೇನೋ.

ಗೇಟಿನ ತನಕ ಬಂದ ಜಯದೇವಮ್ಮ ಅಲ್ಲೇ ನಿಂತರು. ಸಿಟ್ಟು ಇಳಿದಿರಲಿಲ್ಲ, ಆದರೂ ಕೇಳದೆ ಇರಲಾಗಲಿಲ್ಲ. "ಹಿಂದ ಎರಡು ಭಾಗ ಅವ ಅಂದ್ರೆಲ್ಲ. ಚಿಗರವ್ವ ಬಾವ್ಯಾಗ ಯಾಕ ಬಿದ್ದಳು? ಯಾರ ಶಾಪ? ಹನ್ನೊಂದು ವರ್ಷ ಆತು, ನಾವು ಅದೇ ಮಾತಾಡ್ತೀವಿ."

"ಶಾಪ ಅಲ್ರೀ. ಬಿದ್ದಿಲ್ಲ ಅಕಿ. ತಾನಾ ಇಳದಾಳ."

"ತಾನಾ ಇಳದಳಾ?" ಜಯದೇವಮ್ಮ ಗೇಟು ಹಿಡಿದುಕೊಂಡರು. "ಯಾಕ?"

ಅಬ್ರಾರ್ ಹೇಳಬಹುದಿತ್ತು. ಹೇಳಲಿಲ್ಲ. "ನಮ್ಮ ಆಪಾಗ ಎರಡೂ ಭಾಗ ಬಾಯಿಪಾಠ ಅವ. ಅಕಿಗಿ ಕೊನಿ ಬೇಕು. ನಿಮಗ ಮೊದಲು ಬೇಕು. ದಾರ ಬಿಚ್ಚತೀನಿ ಅನ್ರಿ, ಕರಕೊಂಡು ಬರ್ತೀನಿ" ಎಂದ. ಜಯದೇವಮ್ಮ ಒಪ್ಪಿದರು. ಆದರೆ ಶ್ರಾವಣ ಮುಗಿಯಬೇಕು, ಮನೆಯ ಹೊಸ್ತಿಲ ಹೊರಗೆ ಆಗಬೇಕು ಎಂದರು.

ಮನೆಗೆ ಬಂದು ಹೇಳಿದಾಗ ಆಪಾ ಪಟ್ಟಾಭಿಷೇಕದ ಸುದ್ದಿಗೆ ಕಣ್ಣು ಒರೆಸಿಕೊಂಡಳು. ದಾರದ ಸುದ್ದಿಗೆ ಸಿಡಿದೆದ್ದಳು. "ನಾ ಹುಟ್ಟಿದಾಗಿಂದ ಹೊಲಿಯಾಕತ್ತೀನಿ ಅನ್ನು. ಕೂಸಿನ ಕುಲಾಯಿ ಹೊಲದೀನಿ, ಸತ್ತವರ ಕಫನ್ ಹೊಲದೀನಿ. ಯಾರದೂ ಬಾಯಿ ಹೊಲದಿಲ್ಲ!" ಎಂದಳು. ಇಡೀ ಶ್ರಾವಣ ದಿನ ಎಣಿಸಿದಳು.

ಶ್ರಾವಣ ಕಳೆದ ಮೊದಲ ರವಿವಾರ ಓಣಿಯ ಆಮಿರ್‌ನ ಆಟೋದಲ್ಲಿ ಹೊರಟರು. ಬಸ್ಸಿನ ಮೆಟ್ಟಿಲು ಆಪಾಗೆ ಹತ್ತಲಾಗುವುದಿಲ್ಲ. ಇಷ್ಟು ವರ್ಷ ಅದೇ ಬಸ್ಸಿನಲ್ಲಿ ಇಡೀ ನಾಡು ಹತ್ತಿಸಿ ಇಳಿಸಿದ ತಮ್ಮನಿಗೆ ಸ್ವಂತ ಅಕ್ಕನನ್ನು ಹತ್ತಿಸಲಾಗಲಿಲ್ಲ ಎನ್ನುವುದು ಇನ್ನೊಂದು ಸಿಟ್ಟು. ದಾರಿಯುದ್ದಕ್ಕೂ ಆಪಾ ಪರದೆ ಸರಿಸಿ ಹೊಲ ನೋಡಿದಳು.

ಜಯದೇವಮ್ಮ ಬಾಳೆತೋಟದ ನೆರಳಲ್ಲಿ ಚಾಪೆ ಹಾಸಿದ್ದರು. ಓಣಿಯ ಐದಾರು ಹೆಂಗಸರು ಬಂದು ಕೂತಿದ್ದರು. ಆಪಾಗೆ ಒರಗಲು ತಲೆದಿಂಬು ಕೊಟ್ಟರು. ಆಪಾ ಶುರುಮಾಡಿದಳು. ಬಾವಿ ತೋಡುವವನ ಗುಡಿಸಲಿನಿಂದ ಹಿಡಿದು ನೀರಿನ ಬೀಗ, ಏಳು ಗೆಳೆಯರು, ಒಬ್ಬೊಬ್ಬನ ಹೆಸರು, ಒಬ್ಬೊಬ್ಬನ ಹಟ, ಕೊನೆಗೆ ಬಂಡೆ ಬಿದ್ದ ಸದ್ದು, ಒಂದನ್ನೂ ಬಿಡಲಿಲ್ಲ. ಬಿಸಿಲು ನೆತ್ತಿಗೆ ಬಂದರೂ ಯಾರೂ ಎದ್ದು ಹೋಗಲಿಲ್ಲ. "ಖರೇನೇ ತಾನಾ ಇಳದಾಳಲ್ಲ" ಎಂದರು ಜಯದೇವಮ್ಮ, ತಮಗೇ ಹೇಳಿಕೊಳ್ಳುವಂತೆ. ಪುರಾಣವೋ ಕಾದಂಬರಿಯೋ ಎನ್ನುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಆಪಾ ತನ್ನ ಸಣ್ಣ ಕತ್ತರಿ ತೆಗೆದಳು. ಒಂದೊಂದೇ ಹೊಲಿಗೆ ಬಿಚ್ಚಿದಳು, ಒಂದು ಪುಟವೂ ಹರಿಯಲಿಲ್ಲ. ಹಳದಿ ದಾರವನ್ನು ಸುತ್ತಿ ಜಯದೇವಮ್ಮನ ಕೈಗೆ ಕೊಟ್ಟಳು. ಅಬ್ರಾರ್ ಓದಿದ.

ಸಾವಿನ ಮಾತು ಓಡಿಹೋದ ದೊರೆಯದು. ಅವನು ಸತ್ತ ಸುದ್ದಿಯೊಂದಿಗೆ ಅಧ್ಯಾಯ ತೆರೆಯುತ್ತಿತ್ತು. ಅವನು ಸತ್ತದ್ದೇ ತಡ, ಕೆಳಗೆ ನೀರಿನ ಬಾಗಿಲು ತಾನಾಗಿ ಮುಚ್ಚತೊಡಗುತ್ತದೆ. ಯಾರಾದರೂ ಒಳಗೆ ನಿಂತು ಅದನ್ನು ಹಿಡಿದಿರಬೇಕು. ಏಳು ಗೆಳೆಯರೂ ನಾ ಹೋಗುತ್ತೇನೆ, ನಾ ಹೋಗುತ್ತೇನೆ ಎನ್ನುತ್ತಾರೆ. ಅವರು ವಾದಿಸುತ್ತಿರುವಾಗಲೇ ಚಿಗರಿ ಕಿರೀಟ ತೆಗೆದು ಸಿಂಹಾಸನದ ಮೇಲಿಟ್ಟು, ಯಾರಿಗೂ ಹೇಳದೆ ಬಾವಿಗೆ ಇಳಿಯುತ್ತಾಳೆ. ಕೊನೆಯ ಪುಟದಲ್ಲಿ ಅವಳು ಕತ್ತಲೆಯಲ್ಲಿ ಸೊಂಟದ ನೀರಿನಲ್ಲಿ ನಿಂತು ಬಾಗಿಲಿಗೆ ಬೆನ್ನು ಕೊಟ್ಟಿದ್ದಾಳೆ. ಮೇಲೆ ಯಾರೋ ಕೊಡ ಇಳಿಸಿದ ಸದ್ದು ಕೇಳುತ್ತದೆ, ಅವಳು ನಗುತ್ತಾಳೆ. ಅಷ್ಟೇ.

ಅಬ್ರಾರ್ ಪುಸ್ತಕ ಮುಚ್ಚಿದ. ಆಪಾ ತನ್ನ ಎಡಗಾಲಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಅಳಲಿಲ್ಲ. ಅತ್ತವರು ಜಯದೇವಮ್ಮ, ಅದೂ ಸಿಟ್ಟಿನಿಂದ.

"ಹನ್ನೊಂದು ವರ್ಷ! ಅಕಿನ್ನ ಪಟ್ಟಕ್ಕ ಕುಂಡ್ರಿಸೀವಿ ಅಂತ ನಾವು ಸಕ್ಕರಿ ಹಂಚಿ ತಿಂದೀವಿ. ಅಕಿ ಅಲ್ಲಿ ಒಬ್ಬಾಕಿನೇ ನಿಂತಾಳ. ನಮ್ಮ ಕೊಡದ ಸಪ್ಪಳ ಕೇಳಿ ನಗಾಕತ್ತಾಳ. ನಾ ಅದಕ್ಕ ದಾರ ಹಾಕೀನಿ, ಈ ಕೈಲೇ!" ಕೈಯಲ್ಲಿದ್ದ ಹಳದಿ ದಾರವನ್ನು ಬಾಳೆಯ ಬುಡಕ್ಕೆ ಎಸೆದರು. "ಬರೋ ಶ್ರಾವಣದಾಗ ಪೂರಾ ಓದ್ತೀನಿ. ಮನ್ಯಾಗೇ ಓದ್ತೀನಿ. ಯಾರು ಏನಂತಾರೋ ಅನ್ಲಿ. ಮೊದಲನೆ ಎರಡು ಭಾಗ ನೀವು ತರ್ಬೇಕು. ಅಕ್ಕಾರು ಬರ್ಬೇಕು."

"ಬರ್ತೀನಿ" ಎಂದಳು ಆಪಾ, ತಮ್ಮನನ್ನು ಕೇಳದೆ.

ಸಂಜೆ ಮನೆ ಸೇರಿದ ಮೇಲೆ ಆಪಾ ನೋಟುಬುಕ್ಕು ತೆಗೆದಳು. ಕೊನೆಯ ಪುಟದಲ್ಲಿ, ನಲವತ್ತೊಂದರ ಕೆಳಗೆ, ನಲವತ್ತೆರಡನೆಯದನ್ನು ಬರೆದಳು. ಕಮಲಾಪುರ, ಜಯದೇವಮ್ಮನ ತೋಟ. ಪುಸ್ತಕ ಒಂದೇ. ಕೂರಲು ಚಾಪೆ, ಒರಗಲು ದಿಂಬು ಕೊಡುತ್ತಾರೆ. ಕಡೆಯವರೆಗೂ ಕೇಳುತ್ತಾರೆ.

ಅಬ್ರಾರ್ ಮೊದಲ ಪುಟ ತಿರುವಿ ಅವಳ ಮುಂದೆ ಹಿಡಿದ. "ಇಲ್ಲೇ ಬರಿ ಆಪಾ. ಸಮೀಪದ್ದೇ ಐತಲ್ಲ. ಎಷ್ಟು ದಿನ ಖಾಲಿ ಬಿಡ್ತೀ?"

ಆಪಾ ಪೆನ್ನಿಗೆ ಟೊಪ್ಪಿಗೆ ಹಾಕಿದಳು. "ಕಮಲಾಪುರದ್ದು ಕಮಲಾಪುರಕ್ಕ. ಇಷ್ಟು ದೊಡ್ಡ ಶಹರ, ಒಂದು ಅಂಗಡಿ ಇಲ್ಲ. ಇದು ಖಾಲಿನೇ ಇರ್ಲಿ. ನಾ ಸತ್ರೂ ಖಾಲಿನೇ ಇಡು. ಯಾರಿಗಾದ್ರೂ ನಾಚ್ಕಿ ಬರ್ಲಿ."